ಅಧಿಕ ದಿನದ ಅಧಿಕಪ್ರಸಂಗ

ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಲು ಸರಿಯಾಗಿ ಮುನ್ನೂರ ಅರವತ್ತೈದು ದಿನ ತೆಗೆದುಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಅದು ತೆಗೆದುಕೊಳ್ಳುವುದು ಮುನ್ನೂರ ಅರವತ್ತೈದು ದಿನ, ಐದು ಗಂಟೆ, ನಲವತ್ತೆಂಟು ನಿಮಿಷ ಮತ್ತು ಒಂದಿಷ್ಟು ಚಿಲ್ಲರೆ. ಆ ಚಿಲ್ಲರೆಯೇ ಅರವತ್ತು ವರ್ಷ ಗಟ್ಟಿಯಾಗಿದ್ದ ನನ್ನನ್ನು ಒಂದೇ ದಿನದಲ್ಲಿ ಚಿಲ್ಲರೆ ಮನುಷ್ಯನನ್ನಾಗಿ ಮಾಡಿತು.

ನಾನು ನೀರು ಸರಬರಾಜು ಕಚೇರಿಯಲ್ಲಿ ಮೂವತ್ತಮೂರು ವರ್ಷ ಸವೆದವನು. ಕೊನೆಯ ಹದಿನೆಂಟು ವರ್ಷ ಸೇವಾ ಪುಸ್ತಕ ವಿಭಾಗದ ಮುಖ್ಯ ಗುಮಾಸ್ತ. ಸೇವಾ ಪುಸ್ತಕವೆಂದರೆ ನೌಕರನೊಬ್ಬ ಯಾವತ್ತು ಕೆಲಸಕ್ಕೆ ಸೇರಿದ, ಯಾವತ್ತು ಬರಲಿಲ್ಲ, ಬಡ್ತಿ ಯಾಕೆ ಸಿಕ್ಕಿತು, ಯಾಕೆ ಸಿಗಲಿಲ್ಲ ಎಂಬುದನ್ನೆಲ್ಲ ಬರೆದಿಡುವ ದಪ್ಪ ಪುಸ್ತಕ. ಅಂಥ ಇನ್ನೂರ ಹನ್ನೊಂದು ಜೀವಗಳು ನನ್ನ ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಬೆನ್ನ ಹಿಂದೆ ನನ್ನನ್ನು ಎಲ್ಲರೂ ‘ರೂಲುದೊಣ್ಣೆ’ ಎನ್ನುತ್ತಿದ್ದರು. (ಎದುರಿಗೆ ‘ಸರ್’ ಎನ್ನುತ್ತಿದ್ದರು. ಎರಡನ್ನೂ ಒಂದೇ ಅರ್ಥದಲ್ಲಿ.)

ಆ ದೊಣ್ಣೆಯ ಪೆಟ್ಟು ಯಾವ ಥರದ್ದು ಎಂದು ತಿಳಿಯಬೇಕಾದರೆ ಹನ್ನೆರಡು ವರ್ಷ ಹಿಂದಿನ ಮಾತು ಹೇಳಬೇಕು. ನಮ್ಮ ವಿಭಾಗಕ್ಕೆ ಆಗ ಹೊಸದಾಗಿ ಬಂದಿದ್ದ ಟೈಪಿಸ್ಟಮ್ಮ, ತಾಯಿಗೆ ಹುಷಾರಿಲ್ಲವೆಂದು ಫೆಬ್ರವರಿ ಪೂರ್ತಿ ರಜೆ ಹಾಕಿದಳು. ತಾಯಿ ಉಳಿಯಲಿಲ್ಲ. ಮಾರ್ಚ್ ಒಂದನೇ ತಾರೀಖು ಕೆಂಪಗಿನ ಕಣ್ಣು ಹೊತ್ತುಕೊಂಡು ಕೆಲಸಕ್ಕೆ ಬಂದಳು. ರಜೆ ಮಂಜೂರಾಗಿದ್ದು ಇಪ್ಪತ್ತೆಂಟರವರೆಗೆ. ಅದು ಅಧಿಕ ವರ್ಷ. ಇಪ್ಪತ್ತೊಂಬತ್ತನೇ ತಾರೀಖು ಆಕೆ ಎಲ್ಲಿದ್ದಳು? ನಾನು ಕೇಳಿದೆ. ಆಕೆ ಅರ್ಥವಾಗದವಳಂತೆ ನೋಡಿದಳು. ಅರ್ಥ ಮಾಡಿಸುವುದು ನನ್ನ ಧರ್ಮವೆಂದುಕೊಂಡು, ಟೇಬಲ್ಲಿನ ಮೇಲಿನ ಲೋಟವನ್ನು ಸೂರ್ಯನನ್ನಾಗಿಯೂ ಪೇಪರ್‌ವೇಟನ್ನು ಭೂಮಿಯನ್ನಾಗಿಯೂ ನೇಮಿಸಿ, ಭೂಮಿಯನ್ನು ಕೈಯಾರೆ ತಿರುಗಿಸುತ್ತ ಉಪನ್ಯಾಸಕ್ಕೆ ನಿಂತೆ.

“ನೋಡಮ್ಮಾ, ಪ್ರತಿ ವರ್ಷವೂ ಸುಮಾರು ಆರು ಗಂಟೆ ಲೆಕ್ಕಕ್ಕೆ ಸಿಗದೆ ಉಳಿಯುತ್ತೆ. ನಾಲ್ಕು ವರ್ಷಕ್ಕೆ ಅದೇ ಒಂದು ದಿನ ಆಗುತ್ತೆ. ಅದನ್ನ ಸೇರಿಸದೇ ಹೋದರೆ ಕಾಲಕ್ರಮೇಣ ಬೇಸಿಗೆ ಹೋಗಿ ಚಳಿಗಾಲದಲ್ಲಿ ಕೂತುಕೊಳ್ಳುತ್ತೆ. ರೋಮಿನ ದೊರೆ ಜೂಲಿಯಸ್ ಸೀಸರ್ ಎರಡು ಸಾವಿರ ವರ್ಷದ ಹಿಂದೆ ಇದನ್ನ ಸರಿಮಾಡಿದ. ಫೆಬ್ರವರಿಗೇ ಯಾಕೆ ಸೇರಿಸಿದ ಅಂದರೆ, ಅವರ ಹಳೆಯ ಲೆಕ್ಕದಲ್ಲಿ ವರ್ಷ ಶುರುವಾಗ್ತಿದ್ದದ್ದು ಮಾರ್ಚಿಗೆ. ಫೆಬ್ರವರಿ ಕಟ್ಟಕಡೆಯ ತಿಂಗಳು. ಉಳಿದದ್ದು ಬಳಿದದ್ದೆಲ್ಲ ಕಡೆಗೇ ತಾನೆ ಹಾಕೋದು? ಇಷ್ಟೆಲ್ಲ ಕಷ್ಟಪಟ್ಟು ದೊಡ್ಡವರು ತಂದು ಕೊಟ್ಟ ದಿನವನ್ನ ನೀನು ಹೇಳದೆ ಕೇಳದೆ ಮನೆಯಲ್ಲಿ ಕಳೆದುಬಿಟ್ಟೆಯಲ್ಲ!”

ಅರ್ಧ ಗಂಟೆ ಭೂಮಿ ತಿರುಗಿತು. ಆಮೇಲೆ ಆಕೆಯ ಸೇವಾ ಪುಸ್ತಕದಲ್ಲಿ ‘ಅನಧಿಕೃತ ಗೈರುಹಾಜರಿ, ಒಂದು ದಿನ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಆ ಒಂದು ಸಾಲಿನಿಂದ ಆಕೆಯ ಬಡ್ತಿ ಒಂದು ವರ್ಷ ಹಿಂದೆ ಬಿತ್ತು. ಆಕೆಗಿಂತ ಕಿರಿಯರು ಇಬ್ಬರು ಮುಂದೆ ದಾಟಿಹೋದರು. ಮನೆಗೆ ಬಂದು ಇದನ್ನು ಶೌರ್ಯಗಾಥೆಯಂತೆ ಹೇಳಿದಾಗ, ಹೊರಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ನನ್ನ ಹೆಂಡತಿ ಮಿಷನ್ನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿ, “ನಿಮಗೆ ಹಸಿವಾಗಿದ್ಯಾ?” ಎಂದಳು. ಆ ರಾತ್ರಿಯ ಊಟದಲ್ಲಿ ಉಪ್ಪಿರಲಿಲ್ಲ. ಮರೆತಳೇನೋ ಎಂದುಕೊಂಡೆ.

ಇನ್ನು ನನ್ನ ನಿವೃತ್ತಿಗೆ ಬರೋಣ.

ಈ ವರ್ಷ ಫೆಬ್ರವರಿ ಇಪ್ಪತ್ತೆಂಟರ ಮಧ್ಯಾಹ್ನ ಸಭಾಂಗಣದಲ್ಲಿ ನನ್ನ ಬೀಳ್ಕೊಡುಗೆ. (ಪದ ಸರಿಯಾಗಿಯೇ ಇದೆ. ಕೊಡುಗೆ ಅವರದು, ಬಿದ್ದವನು ನಾನು.) ಹೂಗುಚ್ಛ, ಬಿಸ್ಕತ್ತು, ಚಹಾ ಎಲ್ಲ ಇತ್ತು. ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಒಬ್ಬೊಬ್ಬರೇ ಎದ್ದು ನನ್ನ ಶಿಸ್ತು, ನಿಷ್ಠೆ, ಸಮಯಪಾಲನೆಗಳನ್ನು ಹೊಗಳಿದರು. ಲೆಕ್ಕ ವಿಭಾಗದ ಗೊರಕೆ ಗುಮಾಸ್ತರಂತೂ ಕಣ್ಣೊರೆಸಿಕೊಂಡರು. (ಆಗಷ್ಟೇ ಎದ್ದಿದ್ದರು ಎಂದು ನನ್ನ ಅನುಮಾನ.) ಆಮೇಲೆ ನನ್ನ ಕೈಗೆ ಮೈಕು ಕೊಟ್ಟರು. ಕೊಡಬಾರದಿತ್ತು.

ಮೂವತ್ತಮೂರು ವರ್ಷ ಗಂಟಲಲ್ಲಿ ಕೂತಿದ್ದದ್ದು ಹೊರಗೆ ಬಂತು. ಇನ್ನು ಇವರ ಹಂಗೇನು ಎಂಬ ಧೈರ್ಯ. ಗೊರಕೆ ಗುಮಾಸ್ತರ ನಿದ್ದೆಯ ಅವಧಿಯನ್ನು ತಾಸು ನಿಮಿಷಗಳಲ್ಲಿ ಹೇಳಿದೆ. ಉಗ್ರಾಣದವನು ತೂಕ ಮಾಡುವ ರೀತಿಯನ್ನು ಅಭಿನಯಿಸಿ ತೋರಿಸಿದೆ. ಟೈಪಿಸ್ಟಮ್ಮನ ಕಾಗುಣಿತವನ್ನು ನೆನೆದೆ. ಕೊನೆಗೆ, ವೇದಿಕೆಯ ಮೇಲಿದ್ದ ಮೇಲಧಿಕಾರಿಣಿಯವರ ಕಡೆ ತಿರುಗಿ, “ಮೇಡಂ ಒಳ್ಳೆಯವರು. ಯಾವ ಕಾಗದ ಇಟ್ಟರೂ ಓದದೆ ಸಹಿ ಹಾಕ್ತಾರೆ. ಅವರ ಮರಣದಂಡನೆಯ ಆದೇಶವನ್ನೇ ಇಟ್ಟರೂ ಹಾಕ್ತಾರೆ!” ಎಂದೆ. ಇದು ತಮಾಷೆ ಎಂದು ನಾನೊಬ್ಬನೇ ನಕ್ಕೆ. “ನಾಳೆಯಿಂದ ನಿಮ್ಮ ಮುಖ ನೋಡುವ ಗ್ರಹಚಾರ ನನಗಿಲ್ಲ, ನಮಸ್ಕಾರ” ಎಂದು ಮುಗಿಸಿದೆ. ಸಭೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಯಾರೋ ಬಿಸ್ಕತ್ತು ಕಚ್ಚಿದ್ದು ಕೇಳಿಸಿತು.

ದಾರಿಯುದ್ದಕ್ಕೂ ಹೆಂಡತಿ ಬಸ್ಸಿನ ಕಿಟಕಿಯ ಜೊತೆ ಮಾತ್ರ ಸಂಬಂಧ ಇಟ್ಟುಕೊಂಡಿದ್ದಳು. ಮನೆ ಸೇರಿದ ಮೇಲೆ, ಕಚೇರಿ ಮುಗಿಯಿತು, ಇನ್ನು ಮನೆಯನ್ನು ಸುಧಾರಿಸೋಣವೆಂದು ನಾನು ಒಂದು ಹಾಳೆ ತೆಗೆದು ವೇಳಾಪಟ್ಟಿ ಬರೆಯತೊಡಗಿದೆ. ಆರಕ್ಕೆ ಏಳುವುದು. ಏಳಕ್ಕೆ ತಿಂಡಿ. ಎಂಟರಿಂದ ಹತ್ತರವರೆಗೆ ಹೊಲಿಗೆ ವಿಭಾಗದ ತಪಾಸಣೆ.

“ಹೊಲಿಗೆ ವಿಭಾಗ ಅಂದ್ರೆ ಯಾರು?” ಹೆಂಡತಿ ಕೇಳಿದಳು.

“ನೀನೇ. ಗುಂಡಿಗಳೆಲ್ಲ ಒಂದೇ ಡಬ್ಬದಲ್ಲಿ ಬಿದ್ದಿವೆ. ಬಣ್ಣವಾರು ವಿಂಗಡಣೆ ಆಗಬೇಕು. ಮೂವತ್ತಮೂರು ವರ್ಷ ಈ ಮನೆಯಲ್ಲಿ ನಾನು ಅತಿಥಿಯ ಹಾಗೆ ಇದ್ದೆ. ಇನ್ನು ಹಾಗಲ್ಲ.”

“ಅತಿಥಿ ಆಗಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು. ಅತಿಥಿಗಳು ಹೊರಡ್ತಾರೆ.”

“ನಾಳೆಯಿಂದ ನಾನು ಸ್ವತಂತ್ರ. ನಾನು ಹೇಳಿದ್ದನ್ನ...”

“ನಾಳೆ ಇಪ್ಪತ್ತೊಂಬತ್ತು ಅಲ್ವಾ?” ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದಳು. “ತಿಂಗಳು ಮುಗಿದೇ ಇಲ್ಲ. ಕೊನೇ ದಿನ ತಾನೆ ನಿಮ್ಮನ್ನ ಬಿಡೋದು?”

“ಆದೇಶದಲ್ಲಿ ಇಪ್ಪತ್ತೆಂಟು ಅಂತ ಇದೆ. ಆದೇಶ ಬರೆದವನು ನಾನು. ನಿನಗೆ ಇವೆಲ್ಲ ಅರ್ಥವಾಗಲ್ಲ” ಎಂದು ತಪಾಸಣೆಯ ಕೆಳಗೆ ಗೀಟು ಎಳೆದೆ. ನಾನು ಬರೆದದ್ದನ್ನು ಪ್ರಶ್ನಿಸುವ ಗಂಡೆದೆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. (ಹೆಣ್ಣೆದೆಗಳನ್ನು ನಾನು ಎಣಿಸಿರಲಿಲ್ಲ.)

ಮರುದಿನ ಹತ್ತು ಗಂಟೆಗೆ, ಗುಂಡಿಗಳನ್ನು ನೆಲದ ಮೇಲೆ ಸುರಿದುಕೊಂಡು ನೀಲಿ ಯಾವುದು ಕಡುನೀಲಿ ಯಾವುದು ಎಂದು ನಾನೂ ಹೆಂಡತಿಯೂ ಜಗಳವಾಡುತ್ತಿದ್ದಾಗ ಫೋನು ಬಂತು. ಟೈಪಿಸ್ಟಮ್ಮ. ನನ್ನ ಕುರ್ಚಿಗೆ ಈಗ ಅವಳೇ ಬಂದಿದ್ದಳು. ಒಂದು ವರ್ಷ ತಡವಾಗಿ ಸಿಕ್ಕ ಬಡ್ತಿಯ ಏಣಿ ಹತ್ತಿ.

“ಸರ್, ಇವತ್ತು ಇಪ್ಪತ್ತೊಂಬತ್ತು. ನಿಮ್ಮ ಸೇವೆ ಇವತ್ತು ಸಂಜೆಗೆ ಮುಗಿಯೋದು. ನೀವಿನ್ನೂ ಬಂದಿಲ್ಲ.”

“ಏನಮ್ಮಾ, ತಮಾಷೆನಾ? ನಿನ್ನೆ ಹೂಗುಚ್ಛ ಕೊಟ್ಟಿರಲ್ಲ!”

“ಹೂಗುಚ್ಛ ದಾಖಲೆ ಅಲ್ಲ ಸರ್.”

“ಹಾಗಾದರೆ ಒಂದು ದಿನ ರಜೆ ಬರ್ಕೋ.”

“ನಿವೃತ್ತಿಯ ದಿನ ಯಾರಿಗೂ ರಜೆ ಕೊಡಬಾರದು ಅಂತ ಸುತ್ತೋಲೆ ಇದೆ ಸರ್. ಕೆಳಗೆ ನಿಮ್ಮದೇ ಸಹಿ ಇದೆ. ಬರದೇ ಹೋದರೆ ಅನಧಿಕೃತ ಗೈರುಹಾಜರಿ ಅಂತ ಬರೀಬೇಕಾಗುತ್ತೆ. ಪಿಂಚಣಿ ಕಾಗದ ವಾಪಸ್ ಬರುತ್ತೆ.”

ಫೋನಿಟ್ಟು ನೋಡಿದರೆ ಹೆಂಡತಿಯ ಮುಖದಲ್ಲಿ, ಮದುವೆಯಾದಾಗಿನಿಂದ ನಾನು ನೋಡಿರದ ಒಂದು ಕಳೆ. ನಾನು ಬಾಯಿ ತೆರೆಯುವ ಮೊದಲೇ ಇಸ್ತ್ರಿ ಮಾಡಿದ ಅಂಗಿ, ಎರಡು ಬಾಳೆಹಣ್ಣು, ಕೊಡೆ ಎಲ್ಲ ಕೈಗೆ ಬಂದವು. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಒಳಗೆ ಗುಂಡಿಗಳನ್ನು ಮತ್ತೆ ಒಂದೇ ಡಬ್ಬಕ್ಕೆ ಸುರಿಯುವ ಸದ್ದು ಕೇಳಿಸಿತು.

ಕಚೇರಿಯೊಳಗೆ ಕಾಲಿಟ್ಟರೆ, ನಿನ್ನೆ ಯಾರ ಮುಖ ನೋಡುವುದಿಲ್ಲವೆಂದಿದ್ದೆನೋ ಆ ಮುಖಗಳೆಲ್ಲ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗೊರಕೆ ಗುಮಾಸ್ತರು ಎಂದೂ ಇಲ್ಲದಷ್ಟು ಎಚ್ಚರವಾಗಿದ್ದು, “ಯಾರನ್ನ ನೋಡಬೇಕಿತ್ತು?” ಎಂದು ವಿನಯದಿಂದ ಕೇಳಿದರು. ಉಗ್ರಾಣದವನು, “ಸಾರ್ವಜನಿಕರು ಆ ಬೆಂಚಿನ ಮೇಲೆ ಕೂತ್ಕೋಬೇಕು” ಎಂದು ತೋರಿಸಿದ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನು ನಿನ್ನೆ ಸಂಜೆಯೇ ಅಳತೆಪಟ್ಟಿ ಇಟ್ಟು ನೀಟಾಗಿ ಹೊಡೆದುಹಾಕಿದ್ದರು. ಕೊನೆಯ ಪುಟದ ಅಂಚಿನಲ್ಲಿ ಸಹಿ ಮಾಡಿದೆ.

ಅಧಿಕಾರಿಣಿಯವರು ಒಳಗೆ ಕರೆಸಿದರು. ಮೂವತ್ತೆಂಟರ ಹೆಣ್ಣುಮಗಳು. ಮೇಜಿನ ಮೇಲೆ ಕಡತಗಳ ಗೋಪುರ, ಮೂಗಿನ ಮೇಲೆ ಹೊಸ ಕನ್ನಡಕ.

“ಕೂತ್ಕೊಳ್ಳಿ. ನಿನ್ನೆ ನೀವು ಹೇಳಿದ್ದು ಮನಸ್ಸಿಗೆ ತಾಗಿತು. ಓದದೆ ಸಹಿ ಹಾಕ್ತೀನಿ ಅಂದ್ರಿ. ನಿಜ. ಅದಕ್ಕೇ ಇವತ್ತು ಬೆಳಿಗ್ಗೆ ಬೇಗ ಬಂದು ಓದೋಕೆ ಶುರು ಮಾಡಿದೆ.”

“ಬಹಳ ಸಂತೋಷ ಮೇಡಂ.”

“ಮೇಲುಗಡೆ ಇದ್ದದ್ದು ನಿಮ್ಮ ನಿವೃತ್ತಿ ಆದೇಶ.”

ನನ್ನ ಅಂಗಿಯ ಕಾಲರು ಸಣ್ಣದಾಯಿತು. ಆಕೆ ಕಾಗದವನ್ನು ನನ್ನ ಕಡೆ ತಿರುಗಿಸಿದರು. ‘ಫೆಬ್ರವರಿ ತಿಂಗಳ ಕೊನೆಯ ದಿನವಾದ 28’ ಎಂದು ನನ್ನದೇ ಮುದ್ದಾದ ಅಕ್ಷರ. ಕಳೆದ ವರ್ಷ ಫೆಬ್ರವರಿಯಲ್ಲಿ ನಿವೃತ್ತನಾದ ಪಂಪು ನಡೆಸುವವನ ಆದೇಶವನ್ನು ಮುಂದಿಟ್ಟುಕೊಂಡು ಹೆಸರು ಬದಲಿಸಿದ್ದೆ, ಹುದ್ದೆ ಬದಲಿಸಿದ್ದೆ, ವರ್ಷ ಬದಲಿಸಿದ್ದೆ. ತಾರೀಖನ್ನು ಬದಲಿಸಿರಲಿಲ್ಲ. ಜೂಲಿಯಸ್ ಸೀಸರನ ಏಕಮಾತ್ರ ಪ್ರತಿನಿಧಿಯಾಗಿ ಹನ್ನೆರಡು ವರ್ಷ ಮೆರೆದವನು ಸೀಸರನ ದಿನವನ್ನೇ ನುಂಗಿಹಾಕಿದ್ದೆ.

“ಓದೋದು ಒಳ್ಳೇ ಅಭ್ಯಾಸ” ಎಂದರು ಅಧಿಕಾರಿಣಿ. “ಮುಂದುವರಿಸ್ತೀನಿ.”

ಹೊರಗೆ ಬಂದು ನನ್ನ ವಿಭಾಗಕ್ಕೆ ಹೋದೆ. ನನ್ನ ಕುರ್ಚಿಯಲ್ಲಿ ಟೈಪಿಸ್ಟಮ್ಮ. ಎದ್ದು, ಗೋಡೆಯ ಪಕ್ಕದ ಸ್ಟೂಲನ್ನು ಎಳೆದು ಕೊಟ್ಟಳು. ಸಂಜೆ ಐದೂವರೆಯವರೆಗೆ ನನಗೆ ಕೆಲಸವೇ ಇರಲಿಲ್ಲ. ಮಾತಾಡದೆ ಕೂತರೆ ಕಿವಿಯೊಳಗೆ ಫ್ಯಾನು ತಿರುಗಿದಂತಾಗುತ್ತಿತ್ತು.

“ಈ ಹಾಳು ದಿನವನ್ನ ಕಂಡುಹಿಡಿದವನಿಗೆ...” ಎಂದೆ.

“ನೀವು ಅವತ್ತು ಹೇಳಿದ ಮೇಲೆ ನಾನು ಅದರ ಬಗ್ಗೆ ಓದಿದೆ ಸರ್” ಎಂದಳು ಆಕೆ, ಕಡತದಿಂದ ತಲೆ ಎತ್ತದೆ. “ಲೈಬ್ರರಿಗೆ ಹೋಗಿ ಓದಿದೆ. ನೀವು ಹೇಳಿದ್ದು ಪೂರ್ತಿ ಸರಿ ಇಲ್ಲ. ರೋಮಿನವರು ಇಪ್ಪತ್ತೊಂಬತ್ತು ಅಂತ ಒಂದು ದಿನ ಸೇರಿಸಲೇ ಇಲ್ಲ. ಇಪ್ಪತ್ತನಾಲ್ಕನೇ ದಿನವನ್ನ ಎರಡು ಸಲ ಎಣಿಸಿದರು. ಇಪ್ಪತ್ತನಾಲ್ಕು, ಮತ್ತೆ ಇಪ್ಪತ್ತನಾಲ್ಕು. ಅವರ ಕಾನೂನಿನ ಲೆಕ್ಕದಲ್ಲಿ ಆ ಎರಡೂ ಸೇರಿ ಒಂದೇ ದಿನ. ಅಧಿಕ ದಿನಕ್ಕೆ ಸ್ವಂತ ಅಂಕಿನೂ ಇಲ್ಲ, ಅಸ್ತಿತ್ವವೂ ಇಲ್ಲ.”

ನಾನು ಸ್ಟೂಲಿನಿಂದ ಅರ್ಧ ಎದ್ದೆ. “ಎರಡೂ ಸೇರಿ ಒಂದೇ ದಿನಾನಾ? ಹಾಗಿದ್ರೆ ಬರೀ ಅದನ್ನ! ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎರಡೂ ಒಂದೇ ಅಂತ ಒಂದು ಟಿಪ್ಪಣಿ ಹಾಕು. ನಾನು ನಿನ್ನೆಯೇ ನಿವೃತ್ತ ಆದ ಹಾಗಾಯ್ತು!”

“ಹಾಕಬಹುದು ಸರ್. ಆದರೆ ಆ ಲೆಕ್ಕದಲ್ಲಿ ಹನ್ನೆರಡು ವರ್ಷದ ಹಿಂದೆ ನಾನೂ ಗೈರುಹಾಜರಾಗಿರಲಿಲ್ಲ.”

ನಾನು ಮತ್ತೆ ಕೂತೆ. ಮಾತು ಬೇರೆ ಕಡೆ ತಿರುಗಿಸಲೆಂದು ಕೇಳಿದೆ: “ಅವತ್ತು ಇಪ್ಪತ್ತೊಂಬತ್ತಕ್ಕೆ ನಿಜವಾಗಿ ಎಲ್ಲಿದ್ದೆ?” (ಮಾತು ತಿರುಗಿಸುವ ಕಲೆ ನನಗೆ ಒಲಿದಿಲ್ಲ.)

“ಮಲಗಿದ್ದೆ ಸರ್. ಇಪ್ಪತ್ತೆಂಟಕ್ಕೆ ಅಮ್ಮನನ್ನ ಮಣ್ಣು ಮಾಡಿ ಬಂದ್ವಿ. ಮೂರು ತಿಂಗಳಿಂದ ನಿದ್ದೆ ಇರಲಿಲ್ಲ. ತಿಂಗಳು ಪೂರ್ತಿ ರಜೆ ಕೇಳಿದ್ದೀನಲ್ಲ, ಇನ್ನೊಂದು ದಿನ ಇದೆ ಅಂತ ಮಲಗಿದೆ.”

“ತಿಂಗಳು ಪೂರ್ತಿ ಕೇಳಿದ್ದೆಯಾ? ಇಪ್ಪತ್ತೆಂಟರವರೆಗೆ ಅಂತ ತಾನೆ...”

ಆಕೆ ಎದ್ದು ಕಪಾಟು ತೆಗೆದಳು. ಬೀಗದ ಕೈ ಈಗ ಅವಳ ಹತ್ತಿರ. ಹದಿನೆಂಟು ವರ್ಷ ಯಾರೂ ಮುಟ್ಟದಂತೆ ನಾನು ಕಾದ ಆ ಸಾಲಿನಿಂದ ತನ್ನದೇ ಸೇವಾ ಪುಸ್ತಕ ಎಳೆದು, ಅದಕ್ಕೆ ಟ್ಯಾಗಿನಿಂದ ಕಟ್ಟಿದ್ದ ಹಳದಿಬಣ್ಣಕ್ಕೆ ತಿರುಗಿದ ಅರ್ಜಿಯನ್ನು ನನ್ನ ಮುಂದಿಟ್ಟಳು. “ಬೆಳಿಗ್ಗೆ ನಾನೂ ಓದಿದೆ ಸರ್. ಮೇಡಂ ಮಾತ್ರ ಅಲ್ಲ.”

ಅರ್ಜಿಯಲ್ಲಿ ಆಕೆಯ ಅಕ್ಷರ: ‘ಫೆಬ್ರವರಿ ತಿಂಗಳ ಕೊನೆಯವರೆಗೆ ರಜೆ ದಯಪಾಲಿಸಬೇಕು.’ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದರ ಅಂಚಿನಲ್ಲಿ, ಮಂಜೂರಾತಿಗೆ ಶಿಫಾರಸು ಮಾಡುವಾಗ, ನನ್ನ ಅಕ್ಷರ: ‘ಅಂದರೆ 28ರವರೆಗೆ.’

ಅಂದರೆ ಎಂದು ಬರೆದವನು ನಾನು. ಆಕೆ ಸರಿಯಾಗಿ ಕೇಳಿದ್ದಳು, ನಾನು ತಪ್ಪಾಗಿ ಕೊಟ್ಟಿದ್ದೆ, ಆಮೇಲೆ ನಾನು ಕೊಟ್ಟ ತಪ್ಪಿಗೆ ಆಕೆಯನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಭೂಮಿ ತಿರುಗಿಸಿದ್ದೆ. ಒಂದೇ ತಪ್ಪನ್ನು ಜನ್ಮದಲ್ಲಿ ಎರಡು ಸಲ ಮಾಡಿದ್ದೆ. ಮೊದಲ ಸಲ ಆಕೆಗೆ ಒಂದು ವರ್ಷ ಹೋಯಿತು. ಎರಡನೇ ಸಲ ನನಗೆ ಎರಡು ಬಾಳೆಹಣ್ಣು ಸಿಕ್ಕಿತು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದೆ.

“ಪುಸ್ತಕ ತೋರಿಸಿ ಅಂತ ಮೂರು ಸಲ ಕೇಳಿದೆ ಸರ್. ನೌಕರರು ತಮ್ಮ ಪುಸ್ತಕ ನೋಡೋ ಹಾಗಿಲ್ಲ ಅಂದ್ರಿ.”

ನಾನು ಪೆನ್ನು ತೆಗೆದೆ. ಐದೂವರೆಯವರೆಗೆ ನಾನಿನ್ನೂ ಸೇವೆಯಲ್ಲಿದ್ದೆ. ಅದೊಂದೇ ಆ ದಿನ ನನಗೆ ಮಾಡಿದ ಉಪಕಾರ. ಕೆಂಪು ಸಾಲನ್ನು ಹೊಡೆದುಹಾಕಿ, ‘ಗೈರುಹಾಜರಿ ತಪ್ಪಾಗಿ ನಮೂದಾಗಿದೆ, ರದ್ದು ಮಾಡಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದೆ: ಇಪ್ಪತ್ತೊಂಬತ್ತು. ನಾಯಕನೊಬ್ಬ ಯುದ್ಧಭೂಮಿಯಿಂದ ನಿರ್ಗಮಿಸುವ ಠೀವಿಯಲ್ಲಿ ಎದ್ದು ನಿಂತು, ಆಕೆ ಕಣ್ಣೀರು ಹಾಕಲೆಂದು ಒಂದು ನಿಮಿಷ ಕಾದೆ.

ಆಕೆ ಓದಿ ನೋಡಿ, “ಮೇಡಂ ಮುಂದೆ ಮಂಡಿಸ್ತೀನಿ ಸರ್” ಎಂದಳು. ಅಷ್ಟೆ.

ಸಂಜೆ ಹೂಗುಚ್ಛವಿಲ್ಲದೆ, ಬಿಸ್ಕತ್ತಿಲ್ಲದೆ ಎರಡನೇ ಬಾರಿ ನಿವೃತ್ತನಾದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಈ ಸಲ ಮಿಷನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, “ಹನ್ನೆರಡು ವರ್ಷ ಆ ಹುಡುಗಿ ನೆನಪಾದಾಗಲೆಲ್ಲ ನನಗೆ ನಿಮ್ಮ ಅಂಗಿಗೆ ಗುಂಡಿ ಹಾಕೋಕೂ ಮನಸ್ಸು ಬರ್ತಿರಲಿಲ್ಲ. ಗೊತ್ತಾ?” ಎಂದಳು. ಗೊತ್ತಿರಲಿಲ್ಲ. ಗುಂಡಿ ಕಿತ್ತ ಅಂಗಿಗಳನ್ನು ಹನ್ನೆರಡು ವರ್ಷ ನಾನೇ ಹೊಲಿದುಕೊಳ್ಳುತ್ತಿದ್ದೆ. ಅವಳಿಗೆ ಗಿರಾಕಿಗಳ ಕೆಲಸ ಹೆಚ್ಚು ಎಂದುಕೊಂಡಿದ್ದೆ.

ವಾರದ ಮೇಲೆ ಕಚೇರಿಯಿಂದ ಲಕೋಟೆ ಬಂತು. ಧನ್ಯವಾದದ ಪತ್ರವಿರಬೇಕೆಂದು ಹೆಂಡತಿಯನ್ನು ಕರೆದು, ಅವಳ ಮುಂದೆ ಗಟ್ಟಿಯಾಗಿ ಓದಿದೆ. ಅಧಿಕಾರಿಣಿಯವರು ಓದುವುದನ್ನು ಮುಂದುವರಿಸಿದ್ದರು. ಹನ್ನೆರಡು ವರ್ಷದ ನಂತರ, ನಿವೃತ್ತಿಯ ಕೊನೆಯ ಗಂಟೆಗಳಲ್ಲಿ, ಯಾವ ಕಾರಣವನ್ನೂ ಕೊಡದೆ ನಮೂದನ್ನು ರದ್ದು ಮಾಡಿರುವುದು ಕ್ರಮಬದ್ಧವಲ್ಲ. ಮೂಲ ತಪ್ಪು ಯಾರದು, ಹೇಗೆ ನಡೆಯಿತು, ಇಷ್ಟು ವರ್ಷ ಯಾಕೆ ತಿದ್ದಲಿಲ್ಲ ಎಂಬುದಕ್ಕೆ ಲಿಖಿತ ವಿವರಣೆ ಕೊಡಬೇಕು. ವಿವರಣೆ ಸಮರ್ಪಕವಾಗಿದ್ದರೆ ಮಾತ್ರ ಸದರಿ ನೌಕರರ ಬಡ್ತಿಯನ್ನು ಹಿಂದಿನ ದಿನಾಂಕದಿಂದ ಪರಿಗಣಿಸಲಾಗುವುದು. ಕರಡು ಟೈಪಿಸ್ಟಮ್ಮನದು. ನಿಯಮಗಳ ಸಂಖ್ಯೆ ಒಂದೂ ತಪ್ಪಿರಲಿಲ್ಲ. ಅವಳಿಗೆ ಕಲಿಸಿದವನು ನಾನೇ.

ನಾನು ಹಾಳೆ ತೆಗೆದೆ. ‘ಅಂದಿನ ಕಾರ್ಯಬಾಹುಳ್ಯದ ನಿಮಿತ್ತವಾಗಿ, ತಾಂತ್ರಿಕ ಕಾರಣಗಳಿಂದ...’ ಎಂದು ಆರಂಭಿಸಿದೆ. ಹೆಂಡತಿ ಹೆಗಲ ಮೇಲಿಂದ ಬಗ್ಗಿ ನೋಡಿ ಹಾಳೆಯನ್ನು ಕಿತ್ತುಕೊಂಡಳು.

“ಏನು ತಾಂತ್ರಿಕ? ತಪ್ಪಾಯ್ತು ಅಂತ ಬರೀರಿ.”

“ಕಚೇರಿ ಭಾಷೆಯಲ್ಲಿ ಹಾಗೆ ಬರೆಯೋಕೆ ಬರಲ್ಲ ಕಣೇ.”

“ಮನೆ ಭಾಷೆಯಲ್ಲಾದ್ರೂ ಬರೆದಿದ್ದೀರಾ ಯಾವತ್ತಾದ್ರೂ?”

ಹೊಸ ಹಾಳೆಯ ನಡುವೆ, ‘ತಪ್ಪು ನನ್ನದು’ ಎಂದು ಬರೆದು, ಸಹಿ ಹಾಕಿ, ಅದೇ ದಿನ ಅಂಚೆಗೆ ಹಾಕಿದೆ. ಅರವತ್ತು ವರ್ಷದಲ್ಲಿ ನಾನು ಬರೆದ ಅತಿ ಚಿಕ್ಕ ಪತ್ರ. ಅಂಚೆ ಕಚೇರಿಯಿಂದ ಹೊರಗೆ ಬಂದಾಗ ಎದೆ ಹಗುರಾಗಿತ್ತು ಎಂದರೆ ಸುಳ್ಳಲ್ಲ.

ನಾಲ್ಕನೇ ದಿನಕ್ಕೆ ಅದು ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ: ‘ತೀರಾ ಸಂಕ್ಷಿಪ್ತವಾಗಿದೆ. ತಪ್ಪನ್ನು ವಿವರವಾಗಿ, ದಿನಾಂಕವಾರು, ಮೂರು ಪ್ರತಿಗಳಲ್ಲಿ ಸಲ್ಲಿಸುವುದು.’

ಕಾರ್ಬನ್ ಕಾಗದ ನಮ್ಮ ಬೀದಿಯ ಅಂಗಡಿಯಲ್ಲಿ ಈಗ ಸಿಗುವುದಿಲ್ಲವಂತೆ. ಮೂರನ್ನೂ ಕೈಯಲ್ಲೇ ಬರೆಯುತ್ತಿದ್ದೇನೆ. ಹೊರಕೋಣೆಯಿಂದ ಹೆಂಡತಿ ಆಗಾಗ ಕೂಗಿ ಕೇಳುತ್ತಾಳೆ, ಎಲ್ಲಿಗೆ ಬಂತು ಎಂದು. ಎರಡನೇ ಪ್ರತಿಯ ಮೂರನೇ ಪುಟ ಎನ್ನುತ್ತೇನೆ. “ಅಕ್ಷರ ಮುದ್ದಾಗಿರಲಿ, ಅವರು ಓದ್ತಾರೆ” ಎನ್ನುತ್ತಾಳೆ.